ಜೀವನಚರಿತ್ರೆ ಗಡಿ ದಾಟುವ ಬಗೆ

ಜೀವನಚರಿತ್ರೆ ಬರೆದವರ ಕೈಯಲ್ಲಿರುವುದು ಒಂದೇ ಹಕ್ಕಲ್ಲ, ಹಕ್ಕುಗಳ ಕಟ್ಟು. ಮೂಲ ಭಾಷೆಯಲ್ಲಿ ಅಚ್ಚು ಹಾಕಿಸುವ ಹಕ್ಕು, ಒಂದೊಂದು ಭಾಷೆಗೂ ಪ್ರತ್ಯೇಕವಾದ ಅನುವಾದದ ಹಕ್ಕು, ಆಡಿಯೊ ಪುಸ್ತಕದ ಹಕ್ಕು, ಸಿನಿಮಾ, ಕಿರುತೆರೆ ಮತ್ತು ಸಾಕ್ಷ್ಯಚಿತ್ರದ ಹಕ್ಕು ಎಲ್ಲವೂ ಅದರಲ್ಲಿ ಸೇರಿವೆ. ಇವನ್ನು ಬೇರೆ ಬೇರೆಯವರಿಗೆ, ಬೇರೆ ಬೇರೆ ಅವಧಿಗೆ ಕೊಡಲು ಬರುತ್ತದೆ. ಹೊರದೇಶದ ಪ್ರಕಾಶಕರನ್ನೂ ಟಿವಿ ನಿರ್ಮಾಪಕರನ್ನೂ ಹುಡುಕಲು ಹೊರಡುವ ಲೇಖಕರು ಮೊದಲು ನೋಡಬೇಕಾದದ್ದು ತಮ್ಮ ಮೊದಲ ಪ್ರಕಾಶಕರ ಜತೆಗಿನ ಕರಾರನ್ನು. ‘ಎಲ್ಲ ಹಕ್ಕುಗಳೂ’ ಎಂದು ಅಲ್ಲಿ ಬರೆದುಕೊಟ್ಟಿದ್ದರೆ ಮಾರಲು ಅವರ ಬಳಿ ಏನೂ ಉಳಿದಿರುವುದಿಲ್ಲ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಲೇಖಕರ ಪರವಾಗಿದೆ. ಅದರ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಭಾವಿಸಲಾಗುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಲ್ಲಿ, ಅದು ರದ್ದಾಗುತ್ತದೆ. ಹೊರದೇಶಗಳಲ್ಲಿ ಪುಸ್ತಕಕ್ಕೆ ರಕ್ಷಣೆ ಸಿಗುವುದು 1886ರ ಬರ್ನ್ ಒಪ್ಪಂದದಿಂದ. ಲೇಖಕರ ಅನುಮತಿಯಿಲ್ಲದೆ ಅನುವಾದ ಪ್ರಕಟಿಸುವುದು ಸದಸ್ಯ ದೇಶಗಳಲ್ಲಿ ಉಲ್ಲಂಘನೆಯಾಗುತ್ತದೆ.

ಜೀವನಚರಿತ್ರೆಗೆ ಕಾದಂಬರಿಗಿಲ್ಲದ ತೊಡಕೊಂದಿದೆ. ಬದುಕಿನಲ್ಲಿ ನಡೆದ ಸಂಗತಿಗಳಿಗೆ ಕೃತಿಸ್ವಾಮ್ಯವಿಲ್ಲ. ಚಾರಿತ್ರಿಕ ಸಂಗತಿ, ಕಥಾವಸ್ತು, ವಿಚಾರ ಇವು ಯಾರ ಸೊತ್ತೂ ಅಲ್ಲವೆಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿತು. ಹಾಗಿದ್ದೂ ನಿರ್ಮಾಪಕರು ಪುಸ್ತಕಕ್ಕೆ ಹಣ ಕೊಡುತ್ತಾರೆ. ವರ್ಷಗಟ್ಟಲೆ ನಡೆದ ಸಂಶೋಧನೆ, ಸಂಗತಿಗಳನ್ನು ಕಥೆಯಾಗಿ ಜೋಡಿಸಿದ ರೀತಿ, ಬೇರೆಲ್ಲೂ ಸಿಗದ ಸಂದರ್ಶನಗಳು, ಸಲಹೆಗಾರರಾಗಿ ಲೇಖಕರ ನೆರವು ಎಲ್ಲವೂ ಅದರಿಂದ ಸಿಗುತ್ತವೆ. ಮುಂದೆ ಯಾರಾದರೂ ದಾವೆ ಹೂಡಿದರೆ ಆಧಾರ ತೋರಿಸಲೂ ಪುಸ್ತಕ ಬೇಕಾಗುತ್ತದೆ.

ಕಥಾನಾಯಕರು ಬದುಕಿದ್ದರೆ ಅವರ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಸಾರ್ವಜನಿಕ ದಾಖಲೆಗಳ ಆಧಾರದ ಮೇಲೆ ಬರೆಯಲು ಅನುಮತಿ ಬೇಕಿಲ್ಲ, ಅದನ್ನು ಮೀರಿ ಖಾಸಗಿ ಬದುಕಿಗೆ ಕೈಹಾಕಿದರೆ ಹೊಣೆ ಬರೆದವರದು ಎಂಬುದು 1994ರ ಆರ್. ರಾಜಗೋಪಾಲ್ ಪ್ರಕರಣದ ತೀರ್ಪಿನ ಸಾರ. ಪತ್ರಗಳದ್ದು ಇನ್ನೊಂದು ಬಗೆ. ಕಾಗದ ಯಾರ ಪೆಟ್ಟಿಗೆಯಲ್ಲಿದ್ದರೂ ಅದರ ಒಕ್ಕಣೆಯ ಹಕ್ಕು ಬರೆದವರಿಗೆ, ಅವರ ನಂತರ ವಾರಸುದಾರರಿಗೆ ಸೇರಿದ್ದು. ಭಾರತದಲ್ಲಿ ಕೃತಿಸ್ವಾಮ್ಯ ಸಾಮಾನ್ಯವಾಗಿ ಲೇಖಕರ ಮರಣಾನಂತರ 60 ವರ್ಷ, ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದಲ್ಲಿ 70 ವರ್ಷ ಇರುತ್ತದೆ. ಫೋಟೊಗಳಿಗೆ ಪಡೆದ ಅನುಮತಿ ಎಷ್ಟೋ ಸಲ ಒಂದು ಭಾಷೆಯ ಒಂದು ಆವೃತ್ತಿಗಷ್ಟೇ ಸೀಮಿತವಾಗಿರುತ್ತದೆ. ಜರ್ಮನ್ ಆವೃತ್ತಿ ಬಂದಾಗ ಅದೇ ಫೋಟೊಗೆ ಮತ್ತೆ ಶುಲ್ಕ ಕಟ್ಟಬೇಕಾದೀತು.

ಅನುವಾದದ ಹಕ್ಕುಗಳ ದೊಡ್ಡ ಸಂತೆ ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಫ್ರಾಂಕ್‌ಫರ್ಟ್ ಪುಸ್ತಕ ಮೇಳ. ಲಂಡನ್ ಮೇಳ ವಸಂತಕಾಲದಲ್ಲಿ ನಡೆಯುತ್ತದೆ. ಎರಡೂ ಕಡೆ ಸಾಹಿತ್ಯ ಏಜೆಂಟರಿಗೆಂದೇ ಸಾಲು ಮೇಜುಗಳ ಸಭಾಂಗಣವಿದ್ದು, ಅರ್ಧ ಗಂಟೆಗೊಂದರಂತೆ ಭೇಟಿಗಳು ತಿಂಗಳುಗಳ ಮೊದಲೇ ನಿಗದಿಯಾಗಿರುತ್ತವೆ. ಏಜೆಂಟರು ಮೇಜಿನ ಮೇಲಿಡುವುದು ಸಾಮಾನ್ಯವಾಗಿ ಒಂದು ಪುಟದ ಟಿಪ್ಪಣಿ. ಪುಸ್ತಕ ಯಾರ ಬದುಕಿನ ಕುರಿತದ್ದು, ಪುಟಗಳೆಷ್ಟು, ಚಿತ್ರಗಳೆಷ್ಟು, ಎಷ್ಟು ಪ್ರತಿ ಮಾರಾಟವಾಗಿದೆ, ಯಾವ ಪತ್ರಿಕೆ ಏನು ಬರೆಯಿತು, ಯಾವ ಭಾಷೆಗಳ ಹಕ್ಕು ಈಗಾಗಲೇ ಹೋಗಿದೆ ಎಂಬ ವಿವರ ಅದರಲ್ಲಿರುತ್ತದೆ. ಅದರ ಜತೆಗೆ ಇಂಗ್ಲಿಷಿನಲ್ಲಿ ಒಂದೆರಡು ಅಧ್ಯಾಯಗಳ ಮಾದರಿ ಅನುವಾದವೂ ಬೇಕು. ಮೂಲ ಭಾಷೆ ಓದಲು ಬಾರದ ಸಂಪಾದಕರು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.

ಅನುವಾದದ ಖರ್ಚು ಪ್ರಕಾಶಕರನ್ನು ಹಿಂದೇಟು ಹಾಕಿಸುತ್ತದೆ. ಅದನ್ನು ತಗ್ಗಿಸಲು ಅನುದಾನಗಳಿವೆ. ಜರ್ಮನ್ ಪುಸ್ತಕಗಳ ಅನುವಾದಕ್ಕೆ ಗೋಯ್ಥೆ ಇನ್ಸ್ಟಿಟ್ಯೂಟ್, ಇಂಗ್ಲಿಷಿಗೆ ಬರುವ ಪುಸ್ತಕಗಳಿಗೆ ಇಂಗ್ಲಿಷ್ ಪೆನ್ ಸಂಸ್ಥೆ ನೆರವಾಗುತ್ತವೆ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಪೆನ್ ನೆರವು ಪಡೆದು, ಬ್ರಿಟನ್ನಿನ ಸಣ್ಣ ಪ್ರಕಾಶನ ಸಂಸ್ಥೆ ‘ಅಂಡ್ ಅದರ್ ಸ್ಟೋರೀಸ್’ನಿಂದ ಹೊರಬಂದು, 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಿತು. ಅದು ಕಥಾಸಂಕಲನ. ಆದರೆ ಕನ್ನಡದ ಜೀವನಚರಿತ್ರೆಗೂ ದಾರಿ ಇದೇ.

ತೆರೆಯ ಹಕ್ಕಿನ ವ್ಯವಹಾರ ಬೇರೆ ರೀತಿಯದು. ನಿರ್ಮಾಪಕರು ಒಮ್ಮೆಲೇ ಹಕ್ಕು ಕೊಳ್ಳುವುದು ಅಪರೂಪ. ಮೊದಲು ‘ಆಪ್ಷನ್’ ಎಂಬ ಕರಾರು ಮಾಡಿಕೊಳ್ಳುತ್ತಾರೆ. ಸಣ್ಣ ಮೊತ್ತ ಕೊಟ್ಟು, ಸಾಮಾನ್ಯವಾಗಿ ಒಂದು ಒಂದೂವರೆ ವರ್ಷ ಆ ಪುಸ್ತಕ ಬೇರೆಯವರ ಪಾಲಾಗದಂತೆ ಕಾಯ್ದಿರಿಸುವುದು ಇದರ ಉದ್ದೇಶ. ಆ ಗಡುವಿನಲ್ಲಿ ಚಿತ್ರಕಥೆ, ಹಣ, ಪ್ರಸಾರ ಮಾಡುವ ವಾಹಿನಿ ಕೂಡಿಬಂದರೆ ಮೊದಲೇ ಗೊತ್ತುಮಾಡಿದ ಬೆಲೆ ಕೊಟ್ಟು ಹಕ್ಕು ಕೊಳ್ಳುತ್ತಾರೆ. ಕೂಡಿಬರದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತದೆ, ಪಡೆದ ಹಣವೂ ಅವರಲ್ಲೇ ಉಳಿಯುತ್ತದೆ. ಟಿವಿ ಮಂದಿ ಸೇರುವ ದೊಡ್ಡ ಮಾರುಕಟ್ಟೆ ಫ್ರಾನ್ಸಿನ ಕಾನ್‌ನಲ್ಲಿ ಅಕ್ಟೋಬರಿನಲ್ಲಿ ನಡೆಯುವ ಮಿಪ್‌ಕಾಮ್.

ಆಪ್ಷನ್ ಆದ ಪುಸ್ತಕಗಳಲ್ಲಿ ತೆರೆ ಕಾಣುವವು ಕೆಲವೇ. ಕಂಡರೂ ತಡವಾಗುತ್ತದೆ. ಶ್ರೀನಿವಾಸ ರಾಮಾನುಜನ್ ಕುರಿತು ರಾಬರ್ಟ್ ಕನಿಗೆಲ್ ಬರೆದ ಜೀವನಚರಿತ್ರೆ 1991ರಲ್ಲಿ ಬಂತು, ಅದನ್ನು ಆಧರಿಸಿದ ಸಿನಿಮಾ 2015ರಲ್ಲಿ. ಓಪನ್‌ಹೈಮರ್ ಜೀವನಚರಿತ್ರೆಗೆ ಮಾರ್ಟಿನ್ ಶೆರ್ವಿನ್ 1980ರಲ್ಲಿ ಕರಾರು ಮಾಡಿಕೊಂಡಿದ್ದರು. ಕೈ ಬರ್ಡ್ ಜತೆಗೂಡಿ ಮುಗಿಸಿದ ‘ಅಮೆರಿಕನ್ ಪ್ರಾಮಿಥಿಯಸ್’ 2005ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪಡೆಯಿತು. ಕ್ರಿಸ್ಟೊಫರ್ ನೋಲನ್ ಚಿತ್ರ 2023ರಲ್ಲಿ ತೆರೆಕಂಡಾಗ ಶೆರ್ವಿನ್ ತೀರಿಕೊಂಡು ಸುಮಾರು ಎರಡು ವರ್ಷವಾಗಿತ್ತು. ಡೇವಿಡ್ ಮೆಕಲಾ ಅವರ ‘ಜಾನ್ ಆಡಮ್ಸ್’ 2001ರಲ್ಲಿ ಬಂದು, 2008ರಲ್ಲಿ ಎಚ್‌ಬಿಒ ವಾಹಿನಿಯ ಏಳು ಕಂತುಗಳ ಕಿರುಸರಣಿಯಾಯಿತು. ದಶಕಗಳ ಬದುಕನ್ನು ಎರಡು ಗಂಟೆಗೆ ಇಳಿಸಬೇಕಾಗಿಲ್ಲದ ಕಾರಣ ಜೀವನಚರಿತ್ರೆಗೆ ಕಿರುಸರಣಿ ಚೆನ್ನಾಗಿ ಒಗ್ಗುತ್ತದೆ.

ಹತ್ತಿರದ ಉದಾಹರಣೆ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರದು. ಅವರ ಆತ್ಮಕಥನ ‘ಸಿಂಪ್ಲಿ ಫ್ಲೈ’ಯಿಂದ ತಮಿಳಿನ ‘ಸೂರರೈ ಪೊಟ್ರು’ 2020ರಲ್ಲಿ, ಅದರ ಹಿಂದಿ ರೂಪ ‘ಸರ್ಫಿರಾ’ 2024ರಲ್ಲಿ ಬಂದವು. ಎರಡರಲ್ಲೂ ನಾಯಕನ ಹೆಸರು, ಊರು, ಪ್ರಸಂಗಗಳು ಬದಲಾದವು. ತೆರೆಯ ಹಕ್ಕು ಕೊಟ್ಟ ಮೇಲೆ ಇಂಥ ಬದಲಾವಣೆಗಳ ಮೇಲೆ ಲೇಖಕರ ಹಿಡಿತ ಬಹುಮಟ್ಟಿಗೆ ಕರಾರಿನಲ್ಲಿ ಬರೆಸಿಕೊಂಡಷ್ಟೇ.

ಏಜೆಂಟರ ದಲಾಲಿ ಸಾಮಾನ್ಯವಾಗಿ ಸ್ವದೇಶದ ವ್ಯವಹಾರಕ್ಕೆ ಶೇ 15, ವಿದೇಶದ್ದಕ್ಕೆ ಶೇ 20. ಭೇಟಿ, ಮಾತುಕತೆ, ಚೌಕಾಸಿಯನ್ನು ಅವರಿಗೆ ಬಿಡಬಹುದು, ಸಹಿಯ ಹೊಣೆ ಮಾತ್ರ ಲೇಖಕರದೇ. ಯಾವ ಭಾಷೆ, ಯಾವ ದೇಶ, ಯಾವ ಮಾಧ್ಯಮ, ಎಷ್ಟು ಕಾಲ ಎಂಬ ನಾಲ್ಕೂ ಕರಾರಿನಲ್ಲಿ ಸ್ಪಷ್ಟವಾಗಿರಬೇಕು. ಒಂದು ಬಿಟ್ಟುಹೋಗಿದ್ದರೂ ಸಹಿ ಹಾಕಬಾರದು.