ಸುಂಕ ಇರಲಿ, ಮೊದಲೇ ಹೇಳಲಿ

ಹೊರದೇಶದ ಜಾಲತಾಣವೊಂದರಲ್ಲಿ ಐದು ಸಾವಿರ ರೂಪಾಯಿಯ ವಸ್ತು, ಸಾಗಣೆಗೆ ಒಂದು ಸಾವಿರ. ಕಾರ್ಡಿನಿಂದ ಆರು ಸಾವಿರ ಕಳೆದ ಮೇಲೆ ವ್ಯವಹಾರ ಮುಗಿಯಿತೆಂದೇ ಕೊಂಡವರ ಎಣಿಕೆ. ವಾರ ಕಳೆಯುವಷ್ಟರಲ್ಲಿ ಕೊರಿಯರ್ ಕಂಪನಿಯ ಸಂದೇಶ ಬರುತ್ತದೆ: ಪಾರ್ಸೆಲ್ ಕಸ್ಟಮ್ಸ್‌ನಲ್ಲಿದೆ, ಕೆವೈಸಿ ದಾಖಲೆ ಕೊಡಿ, ಇಷ್ಟು ಹಣ ಕಟ್ಟಿ. ಕಟ್ಟದಿದ್ದರೆ ವಸ್ತು ಕೈಸೇರದು, ಕಟ್ಟಿದರೆ ಅಗ್ಗವೆಂದು ಕೊಂಡದ್ದು ಅಗ್ಗವಾಗಿ ಉಳಿಯದು. ಇಂಥ ಹೊತ್ತಿನಲ್ಲಿ ಜನ ಬೈಯುವುದು ಸುಂಕದ ದರವನ್ನು. ದರ ಹೆಚ್ಚೋ ಕಡಿಮೆಯೋ ಎಂಬ ವಾದ ಇದ್ದದ್ದೇ. ಆದರೆ ಅಸಲು ದೋಷ ದರದಲ್ಲಿಲ್ಲ. ಬೆಲೆ ಒಪ್ಪಿ ಹಣ ಕೊಡುವ ಗಳಿಗೆಯಲ್ಲಿ ಪೂರ್ತಿ ಬೆಲೆ ಏನೆಂದು ಕೊಳ್ಳುವವರಿಗೆ ಯಾರೂ ಹೇಳದಿರುವುದರಲ್ಲಿದೆ.

ಲೆಕ್ಕ ಹೇಗೆ ಬೆಳೆಯುತ್ತದೆ ನೋಡಿ. 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯ ವೆಚ್ಚವೂ ಸೇರಿದ ಮೊತ್ತದ ಮೇಲೆ. ವಿಮಾನದಲ್ಲಿ ಬಂದ ಸರಕಿಗೆ ಸಾಗಣೆ ವೆಚ್ಚವನ್ನು ಬೆಲೆಯ ಶೇ 20ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂಬುದೊಂದೇ ಸಮಾಧಾನ. ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ತರಿಸಿದ ವಸ್ತುಗಳಿಗೆ ಸುಂಕದ ಪಟ್ಟಿಯಲ್ಲಿ ಪ್ರತ್ಯೇಕ ಶೀರ್ಷಿಕೆಯೇ ಇದೆ. ಅದರಡಿ ಕೆಲವು ವರ್ಷ ಮೂಲ ಸುಂಕ ಶೇ 35 ಇತ್ತು, ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಶೇ 28. ನಮ್ಮ ಆರು ಸಾವಿರಕ್ಕೆ, ವಿಮೆಯ ಚಿಲ್ಲರೆ ಬಿಟ್ಟು, ಮೂಲ ಸುಂಕ 2,100 ರೂಪಾಯಿ. ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ, 210. ಎಲ್ಲ ಸೇರಿದ 8,310ರ ಮೇಲೆ ಐಜಿಎಸ್‌ಟಿ, ಅಂದರೆ 2,326 ರೂಪಾಯಿ 80 ಪೈಸೆ. ತೆರಿಗೆಯ ಮೇಲೂ ತೆರಿಗೆ ಕೂತು ಒಟ್ಟು ಹೊರೆ ಶೇ 77.28. ಬರಿಯ 35 ಮತ್ತು 28 ಎಂಬ ಅಂಕಿ ಗೊತ್ತಿದ್ದವರು ಕೂಡ ಕೂಡಿಸಿ 63 ಎಂದುಕೊಂಡು ಮೋಸಹೋಗುತ್ತಿದ್ದರು.

ಈಗ ದರ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 28ರ ಹಂತ ಹೋಗಿ ಈ ವಸ್ತುಗಳಿಗೆ ಶೇ 18 ಬಂತು. 2026ರ ಫೆಬ್ರುವರಿಯ ಬಜೆಟ್ ಅಷ್ಟರಲ್ಲಾಗಲೇ ಶೇ 20ಕ್ಕೆ ಇಳಿದಿದ್ದ ಸ್ವಂತ ಬಳಕೆಯ ಆಮದಿನ ಮೂಲ ಸುಂಕವನ್ನು ಶೇ 10ಕ್ಕೆ ಇಳಿಸುವ ಪ್ರಸ್ತಾಪ ಮುಂದಿಟ್ಟಿತು. ಒಳ್ಳೆಯದೇ. ಆದರೆ ಸುಂಕ ಇಳಿದ ಮಾತ್ರಕ್ಕೆ ಅನಿರೀಕ್ಷಿತ ಬಿಲ್ ಬರುವುದು ನಿಲ್ಲುವುದಿಲ್ಲ, ಬಿಲ್ಲಿನ ಗಾತ್ರ ಕುಗ್ಗುತ್ತದೆ ಅಷ್ಟೆ. ಅದರ ಜೊತೆಗೆ ಕೊರಿಯರ್‌ನವರ ಪಾಲು ಬೇರೆ. ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಹಲವು ಕಂಪನಿಗಳು ನಿರ್ವಹಣಾ ಶುಲ್ಕ ಹಾಕುತ್ತವೆ. ಅದಕ್ಕೆ ಕನಿಷ್ಠ ಮೊತ್ತವೊಂದು ಗೊತ್ತುಮಾಡಿದ್ದರೆ ಸಣ್ಣ ಪಾರ್ಸೆಲ್‌ಗೇ ಪೆಟ್ಟು ಜೋರು. ಸರ್ಕಾರಕ್ಕೆ ಹೋದದ್ದೆಷ್ಟು, ಕಂಪನಿಗೆ ಹೋದದ್ದೆಷ್ಟು ಎಂಬುದು ಬಿಲ್ಲನ್ನು ಬಿಡಿಸಿ ಓದಿದವರಿಗಷ್ಟೇ ತಿಳಿಯುತ್ತದೆ.

ಉಡುಗೊರೆಯೆಂದರೆ ಸುಂಕವಿಲ್ಲ ಎಂಬ ನಂಬಿಕೆ ಇನ್ನೂ ಹಲವರಲ್ಲಿದೆ. ಹಿಂದೆ ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ವಿನಾಯಿತಿ ಇದ್ದದ್ದು ನಿಜ. ಮಾರಾಟದ ಸರಕನ್ನೇ ಉಡುಗೊರೆಯೆಂದು ಬರೆದು ಕಳಿಸುವ ಚಾಳಿ ಬೆಳೆದ ಮೇಲೆ, 2019ರ ಡಿಸೆಂಬರ್‌ನಲ್ಲಿ ಆ ಬಾಗಿಲು ಮುಚ್ಚಿತು. ಉಳಿದ ವಿನಾಯಿತಿ ಎರಡಕ್ಕೇ: ಜೀವರಕ್ಷಕ ಔಷಧ ಮತ್ತು ರಾಖಿ. ರಾಖಿಯ ಜೊತೆ ಬರುವ ಉಡುಗೊರೆಗೆ ಇಲ್ಲ ಎಂದೂ ಆದೇಶ ಬಿಡಿಸಿ ಹೇಳಿತು. ಅಣ್ಣನ ಕೈಗೆ ದಾರ ಮಾತ್ರ ಪುಕ್ಕಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಎಂಬ ಗಾದೆ ಇಂದಿಗೂ ಹಳತಾಗಿಲ್ಲ. ಕೋವಿಡ್ ಎರಡನೇ ಅಲೆಯಲ್ಲಿ ಉಸಿರಿಗೇ ತತ್ವಾರವಾದಾಗಲೂ ಇದೇ ಕಥೆ. ವ್ಯಾಪಾರಕ್ಕೆ ತರಿಸಿದ ಆಮ್ಲಜನಕ ಸಾಂದ್ರಕಕ್ಕೆ ಐಜಿಎಸ್‌ಟಿ ಶೇ 12, ಮನೆಯ ರೋಗಿಗೆಂದು ತರಿಸಿದ್ದಕ್ಕೆ ಶೇ 28. 2021ರ ಮೇ 1ರಂದು ಎರಡೂ ಒಂದಾದವು. ಸ್ವಂತ ಬಳಕೆಗೆ ಉಡುಗೊರೆಯಾಗಿ ಬಂದ ಯಂತ್ರದ ಮೇಲಿನ ತೆರಿಗೆ ಸಂವಿಧಾನಬಾಹಿರವೆಂದು ಅದೇ ತಿಂಗಳು ದೆಹಲಿ ಹೈಕೋರ್ಟ್ ಹೇಳಿತು; ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನ್ಯಾಯಾಲಯದಲ್ಲೇ ಇಷ್ಟು ಜಿಜ್ಞಾಸೆಗೆ ಒಳಗಾದ ತೆರಿಗೆಯನ್ನು ಮೊಬೈಲಿನಲ್ಲಿ ಆರ್ಡರ್ ಮಾಡುವವರು ತಾವೇ ಲೆಕ್ಕ ಹಾಕಿಕೊಳ್ಳಬೇಕು ಎನ್ನುವುದು ಯಾವ ನ್ಯಾಯ? ಕಾನೂನು ಗೊತ್ತಿರಲಿಲ್ಲ ಎಂಬುದು ನೆಪವಲ್ಲ, ಒಪ್ಪೋಣ. ಆದರೆ ಗೊತ್ತುಮಾಡಿಕೊಳ್ಳುವಂತಾದರೂ ಇರಬೇಕಲ್ಲ.

ಸುಂಕವೇ ಬೇಡ ಎನ್ನುವುದು ನನ್ನ ವಾದವಲ್ಲ. ಚಿಕ್ಕಪೇಟೆಯ ಅಂಗಡಿಯವರು ಜಿಎಸ್‌ಟಿ ಕಟ್ಟಿ ಮಾರುವಾಗ ಹೊರಗಿನವರ ಸರಕು ತೆರಿಗೆಯಿಲ್ಲದೆ ಒಳಬಂದರೆ ಅದೂ ಅನ್ಯಾಯವೇ. ಕಠಿಣವಾದ ಆಕ್ಷೇಪ ಬೇರೊಂದಿದೆ: ಎಲ್ಲೋ ಕೂತ ಸಣ್ಣ ಮಾರಾಟಗಾರರು ಪ್ರತಿ ದೇಶದ ಸುಂಕದ ಪಟ್ಟಿ ತಿಳಿದಿರಲು ಸಾಧ್ಯವೇ? ಸಾಧ್ಯವಿಲ್ಲ. ಆಸ್ಟ್ರೇಲಿಯಾ ಅದನ್ನು ಬಗೆಹರಿಸಿದ ರೀತಿ ಗಮನಿಸಬೇಕು. 2018ರ ಜುಲೈನಿಂದ, ಸಾವಿರ ಆಸ್ಟ್ರೇಲಿಯನ್ ಡಾಲರ್‌ವರೆಗಿನ ಸರಕಿಗೆ ಅಲ್ಲಿನ ಜಿಎಸ್‌ಟಿಯನ್ನು ಮಾರುವಾಗಲೇ ವಸೂಲು ಮಾಡಬೇಕು. ಆ ದೇಶದಲ್ಲಿ ವರ್ಷಕ್ಕೆ 75 ಸಾವಿರ ಡಾಲರ್ ವಹಿವಾಟು ಮುಟ್ಟದವರಿಗೆ ನೋಂದಣಿಯ ಗೋಜಿಲ್ಲ. ದೊಡ್ಡ ಜಾಲತಾಣಗಳ ಮೂಲಕ ಮಾರಿದರೆ ಹೊಣೆ ಜಾಲತಾಣದ್ದು. 2021ರ ಜುಲೈನಿಂದ ಯುರೋಪ್ ಒಕ್ಕೂಟವೂ 150 ಯೂರೋವರೆಗಿನ ಸರಕಿಗೆ ಆರ್ಡರ್ ಹೊತ್ತಿಗೇ ವ್ಯಾಟ್ ಕಟ್ಟಿಸಿಕೊಳ್ಳುವ ದಾರಿ ಮಾಡಿದೆ. ಹೊರದೇಶದ ಕಂಪನಿಗಳು ನಮ್ಮ ಮಾತು ಕೇಳಬೇಕಲ್ಲ ಎನ್ನುವವರಿಗೆ ಉತ್ತರ ನಮ್ಮಲ್ಲೇ ಇದೆ: ಭಾರತದ ಗ್ರಾಹಕರಿಗೆ ಸಿನಿಮಾ, ಸಾಫ್ಟ್‌ವೇರ್ ಒದಗಿಸುವ ವಿದೇಶಿ ಕಂಪನಿಗಳು ಇಲ್ಲಿ ನೋಂದಣಿ ಮಾಡಿಸಿ ಜಿಎಸ್‌ಟಿ ಕಟ್ಟಬೇಕೆಂಬ ನಿಯಮ ಈಗಾಗಲೇ ಜಾರಿಯಲ್ಲಿದೆ.

ಇನ್ನೂ ಹತ್ತಿರದ ನಿದರ್ಶನ ನಮ್ಮ ಅಂಚೆ ಇಲಾಖೆಯದು. 800 ಡಾಲರ್‌ವರೆಗಿನ ಸರಕಿಗೆ ಕೊಡುತ್ತಿದ್ದ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದೇ ಸ್ಪಷ್ಟವಿಲ್ಲದೆ ಇಲಾಖೆ ಅಲ್ಲಿಗೆ ಪಾರ್ಸೆಲ್ ಕಳಿಸುವುದನ್ನು ನಿಲ್ಲಿಸಿತು. ಮಕ್ಕಳಿಗೆ ಸೀರೆ, ಚಟ್ನಿಪುಡಿ ಕಳಿಸುವ ಇಲ್ಲಿನ ಮನೆಗಳಿಗೂ ಅದರ ಬಿಸಿ ತಟ್ಟಿತು. ಅಕ್ಟೋಬರ್ ಮಧ್ಯದಲ್ಲಿ ಸೇವೆ ಮರಳಿದ್ದು ಹೊಸ ಪದ್ಧತಿಯೊಂದಿಗೆ: ಅಮೆರಿಕದ ಸುಂಕವನ್ನು ಇಲ್ಲಿಯ ಕೌಂಟರಿನಲ್ಲಿ, ಬುಕ್ ಮಾಡುವಾಗಲೇ ಕಟ್ಟುವುದು. ಬೇರೆ ದೇಶದ ಸುಂಕವನ್ನು ಮೊದಲೇ ಹೇಳಿ ಕಟ್ಟಿಸಿಕೊಳ್ಳಬಲ್ಲ ವ್ಯವಸ್ಥೆಗೆ ನಮ್ಮದೇ ದೇಶದ ಸುಂಕ ಹೇಳುವುದು ಅಸಾಧ್ಯವೇನಲ್ಲ.

ಮೌನಕ್ಕೆ ಇನ್ನೊಂದು ಬೆಲೆಯೂ ಇದೆ. ಮೊತ್ತ ಮೊದಲೇ ತಿಳಿದಿರದ ಕಾರಣ, ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ತಕ್ಷಣ ಹಣ ಹಾಕಿ ಎಂಬ ಕಳ್ಳ ಸಂದೇಶವೂ ಅಸಲಿಯಂತೆಯೇ ಕಾಣುತ್ತದೆ. ವಂಚಕರ ಬಂಡವಾಳವೇ ಈ ಗೊಂದಲ. ಕಸ್ಟಮ್ಸ್ ಇಲಾಖೆ ಯಾರದೋ ವೈಯಕ್ತಿಕ ಖಾತೆಗೆ ಹಣ ಹಾಕಲು ಕೇಳುವುದಿಲ್ಲ. ಇಲಾಖೆಯ ಪತ್ರಗಳಿಗೆ 2019ರ ನವೆಂಬರ್‌ನಿಂದ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದು ಅಸಲಿಯೋ ನಕಲಿಯೋ ಎಂಬುದನ್ನು ಇಲಾಖೆಯ ಜಾಲತಾಣದಲ್ಲೇ ಪರೀಕ್ಷಿಸಬಹುದು. ಕೊರಿಯರ್‌ನಿಂದ ಬಂದ ಬೇಡಿಕೆಯಾದರೆ, ಸಂದೇಶದ ಲಿಂಕ್ ಒತ್ತದೆ, ಟ್ರ್ಯಾಕಿಂಗ್ ಸಂಖ್ಯೆಯನ್ನು ಆ ಕಂಪನಿಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ, ಬಿಲ್ ಆಫ್ ಎಂಟ್ರಿಯ, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ಪತ್ರದ, ಪ್ರತಿ ಕೇಳಿ. ಸುಂಕವೆಷ್ಟು, ಕಂಪನಿಯ ಶುಲ್ಕವೆಷ್ಟು ಎಂಬುದು ಆಗಲೇ ಬೇರೆಬೇರೆಯಾಗುತ್ತದೆ.