ತುರಿಸದ, ನೋಯದ ಮಚ್ಚೆ

ಬೆಂಗಳೂರಿನ ನಾಗರಬಾವಿಯಿಂದ ಹೊರವರ್ತುಲ ರಸ್ತೆ ಹಿಡಿದು ಮಾಗಡಿ ರಸ್ತೆಯತ್ತ ಹೋಗುವ ಬಹುತೇಕರಿಗೆ ಸುಮನಹಳ್ಳಿ ಎಂದರೆ ಒಂದು ಮೇಲ್ಸೇತುವೆ. ಆ ಸೇತುವೆಗಿಂತ ಬಹಳ ಮೊದಲೇ, 1970ರ ದಶಕದ ಕೊನೆಯಲ್ಲಿ, ಅಲ್ಲಿ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರ ಶುರುವಾಗಿತ್ತು. ಬೆರಳು ಮಡಚಿಹೋದ, ಪಾದ ಹುಣ್ಣಾದ ಎಷ್ಟೋ ಜನರಿಗೆ ರೋಗ ಮೊದಲು ಕಾಣಿಸಿಕೊಳ್ಳುವುದು ಮಾಸಲು ಬಣ್ಣದ ಒಂದು ಮಚ್ಚೆಯಾಗಿ. ಅದು ತುರಿಸುವುದಿಲ್ಲ, ನೋಯುವುದಿಲ್ಲ. ಆದರೂ ಮನೆಮನೆಯಲ್ಲಿ ಇಂದಿಗೂ ನಡೆಯುವ ಲೆಕ್ಕಾಚಾರ ಒಂದೇ: ತುರಿಕೆಯಿಲ್ಲ, ನೋವಿಲ್ಲ, ಮತ್ಯಾಕೆ ಡಾಕ್ಟರು? ಈ ಲೆಕ್ಕ ತಲೆಕೆಳಗಾಗಿದೆ.

ಚರ್ಮದ ಬಣ್ಣ ಬದಲಾಗುವುದು ಹೆಚ್ಚಿನ ಸಲ ನಿರಪಾಯಕಾರಿ, ನಿಜ. ಮಕ್ಕಳ ಕೆನ್ನೆಯಲ್ಲಿ ಕಾಣುವ ಮಬ್ಬು ಬಿಳಿ ಕಲೆಗೆ ಹೊಟ್ಟೆಹುಳು ಕಾರಣವಲ್ಲ, ಕ್ಯಾಲ್ಸಿಯಂ ಕೊರತೆಯೂ ಅಲ್ಲ. ಅದು ಒಣಚರ್ಮದ ಸೌಮ್ಯ ಉರಿಯೂತ, ನಿಧಾನವಾಗಿ ತಾನೇ ಮಾಸುತ್ತದೆ. ಬೆನ್ನು, ಎದೆಯ ಮೇಲಿನ ಚಿಬ್ಬು ಎಲ್ಲರ ಚರ್ಮದಲ್ಲೂ ಇರುವ ಶಿಲೀಂಧ್ರ ಬೆವರಿನಲ್ಲಿ ಹೆಚ್ಚಿದ್ದರ ಫಲ. ಔಷಧಕ್ಕೆ ಅದು ಸತ್ತರೂ ಬಣ್ಣ ಮರಳಲು ತಿಂಗಳುಗಳು ಬೇಕು. ಔಷಧ ಫಲಿಸಲಿಲ್ಲವೆಂದು ಜನ ಸೋಲುವುದು ಇಲ್ಲೇ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಬಣ್ಣ ತಯಾರಿಸುವ ಜೀವಕೋಶಗಳನ್ನು ನಾಶಮಾಡುವುದರಿಂದ ತೊನ್ನು ಬರುತ್ತದೆ. ಅದು ಅಂಟುವುದಿಲ್ಲ, ಆ ಜಾಗದ ಸ್ಪರ್ಶಜ್ಞಾನವೂ ಕೆಡುವುದಿಲ್ಲ. ಆದರೆ ನಮ್ಮ ಆತಂಕವೆಲ್ಲ ಮುಖದ ಇಂಥ ಕಲೆಗಳ ಮೇಲೆಯೇ. ಬಂಗು ಕಂಡರೆ ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಬೆರೆತ ಕ್ರೀಮ್ ಕೇಳಿ ತರುತ್ತೇವೆ. ಮೊದಲು ಮುಖ ಬೆಳ್ಳಗಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಕ್ರೀಮ್ ಬಿಟ್ಟರೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಹೇಳಬೇಕಾಯಿತು. ನಿರಪಾಯಕಾರಿ ಕಲೆಯನ್ನು ಅಪಾಯಕಾರಿ ಮಾಡಿಕೊಳ್ಳುವ ದಾರಿ ಇದು.

ಕುಷ್ಠ ಈಗೆಲ್ಲಿದೆ ಎಂದು ಕೇಳುವವರುಂಟು. 2005ರ ಕೊನೆಗೆ ಅದನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸಿದ್ದೇವೆಂದು ಭಾರತ ಘೋಷಿಸಿದ್ದು ಹೌದು. ಅದರ ಅರ್ಥ 10,000 ಜನರಲ್ಲಿ ಒಂದಕ್ಕಿಂತ ಕಡಿಮೆ ರೋಗಿಗಳು ಎಂದಷ್ಟೇ. ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ನಮ್ಮ ದೇಶದಲ್ಲೇ ಪತ್ತೆಯಾಗುತ್ತಿವೆ. ಹಾಗಾದರೆ ಪ್ರತಿ ಕಲೆಗೂ ಆಸ್ಪತ್ರೆಗೆ ಓಡಬೇಕೇ? ಬೇಡ. ಬಣ್ಣವನ್ನಷ್ಟೇ ನೋಡದೆ ಅದರ ವರ್ತನೆ ನೋಡಬೇಕು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಸವರಿದಾಗ ಗೊತ್ತಾಗದ, ಬೆವರದ, ಕೂದಲು ಉದುರಿದ ಮಚ್ಚೆಯಾದರೆ ಅದೇ ವಾರ ತೋರಿಸಬೇಕು. ಅಂಗಾಲಲ್ಲಿ ಅಥವಾ ಉಗುರಿನಡಿ ಹೊಸದಾಗಿ ಮೂಡಿ ಬೆಳೆಯುವ ಕಪ್ಪನ್ನೂ, ಆಕಾರ ಕೆಟ್ಟ, ರಕ್ತ ಒಸರುವ ಮಚ್ಚೆಯನ್ನೂ ಹಾಗೆಯೇ. ಕುತ್ತಿಗೆಯ ಹಿಂದೆ ದಪ್ಪಗೆ ಕಪ್ಪಾದ ಚರ್ಮವನ್ನು ಕೊಳೆಯೆಂದು ಉಜ್ಜುವ ಬದಲು ಸಕ್ಕರೆ ಪರೀಕ್ಷೆ ಮಾಡಿಸಬೇಕು. ಇನ್ಸುಲಿನ್ ಸರಿಯಾಗಿ ನಾಟದಿರುವುದರ ಸೂಚನೆ ಅದಾಗಿರಬಹುದು.

ತೋರಿಸಿಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯವೇ ಎಲ್ಲಕ್ಕಿಂತ ದೊಡ್ಡ ಅಡ್ಡಿ. ಕುಷ್ಠವನ್ನು ವಿಚ್ಛೇದನದ ಕಾರಣವೆಂದು ಎಣಿಸುತ್ತಿದ್ದ ಕಾನೂನನ್ನು ಸಂಸತ್ತು ತಿದ್ದಿದ್ದು 2019ರಲ್ಲಿ, ಅಷ್ಟು ತಡವಾಗಿ. ಆ ಭಯ ಸುಳ್ಳೆಂದು ಹೇಳಲಾಗದು. ಆದರೆ ಕುಷ್ಠಕ್ಕೆ ಕೊಡುವ ಬಹು ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮಚ್ಚೆಗಳು ಕಡಿಮೆಯಿದ್ದರೆ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು. ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ಇತರರಿಗೆ ಹರಡುವುದು ನಿಲ್ಲುತ್ತದೆ. ಕೆಲಸ ಬಿಡಬೇಕಿಲ್ಲ, ಮನೆಯಲ್ಲಿ ಬೇರೆ ತಟ್ಟೆ ಇಡಬೇಕಿಲ್ಲ.