ಗುಂಡಿಗೆ ಎಡಕ್ಕೇ ಯಾಕೆ? ಎಡ-ಬಲದ ಲೆಕ್ಕ ದೇಹದಲ್ಲಿ ಹೇಗಿದೆ, ಸಮಾಜದಲ್ಲಿ ಹೇಗಿದೆ

ಸಿಂಧನೂರು, ಮಸ್ಕಿ ಕಡೆಯವರಿಗೆ 'ಎಡದಂಡೆ' ಅನ್ನೋದು ಹೊಟ್ಟೆಪಾಡಿನ ಪದ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತ, ಬಿಡದಿದ್ದರೆ ಧರಣಿ. ಆದರೆ ಇದು ಯಾರ ಎಡ? ನಮ್ಮೂರು ಮುಕ್ಕುಂದದಲ್ಲಿ ಹೊಳೆ ಕಡೆ ಮುಖ ಮಾಡಿ ನಿಂತವನಿಗೂ ಹೊಳೆಗೆ ಬೆನ್ನು ಹಾಕಿ ನಿಂತವನಿಗೂ ಎಡ ಒಂದೇ ಅಲ್ಲ. ಅದಕ್ಕೇ ಎಂಜಿನಿಯರುಗಳು ಒಂದು ನಿಯಮ ಇಟ್ಟುಕೊಂಡಿದ್ದಾರೆ: ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ, ಎಡಗೈ ಕಡೆ ಇರೋದು ಎಡದಂಡೆ. ಹರಿವಿನ ದಿಕ್ಕು ಗೊತ್ತಿಲ್ಲದೆ ಎಡ-ಬಲ ಹೇಳೋಕೆ ಬರಲ್ಲ.

ತಾಯಿಯ ಗರ್ಭದಲ್ಲಿರುವ ಭ್ರೂಣಕ್ಕೂ ಇದೇ ಸಮಸ್ಯೆ. ಹೊರಗಿನಿಂದ ನಾವು ಸರಿಸಮ: ಎರಡು ಕಣ್ಣು, ಎರಡು ಕೈ. ಒಳಗೆ ಹಾಗಿಲ್ಲ. ಗುಂಡಿಗೆ ಎಡಕ್ಕೆ ವಾಲಿದೆ, ಪಿತ್ತಜನಕಾಂಗ ಬಲಕ್ಕಿದೆ, ಗುಲ್ಮ ಎಡಕ್ಕಿದೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡೇ. ತಲೆ ಯಾವ ಕಡೆ, ಬೆನ್ನು ಯಾವ ಕಡೆ ಎಂಬುದು ಮೊದಲೇ ತೀರ್ಮಾನವಾಗಿರುತ್ತೆ. ಆದರೆ ಉಳಿದ ಎರಡು ಪಕ್ಕಗಳಲ್ಲಿ ಎಡ ಯಾವುದು ಅಂತ ಜೀವಕೋಶಗಳಿಗೆ ಹೇಳೋರು ಯಾರು?

ಭ್ರೂಣದೊಳಗಿನ ಕಾಲುವೆ

ಉತ್ತರ ಕೇಳಿದರೆ ನಮ್ಮ ಕಡೆಯವರಿಗೆ ನಗು ಬರಬಹುದು. ಅಲ್ಲೂ ಹರಿಯುವ ನೀರೇ ಹೇಳುತ್ತೆ.

ಇಲಿಯ ಭ್ರೂಣ ಸುಮಾರು ಎಂಟು ದಿನದ್ದಾಗಿದ್ದಾಗ ಅದರ ಮೇಲೆ ಒಂದು ಚಿಕ್ಕ ಗುಳಿ ಇರುತ್ತೆ. ಗುಳಿಯ ತಳದಲ್ಲಿ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆಗಳು, ಅಂದರೆ ಸಿಲಿಯಾಗಳು, ಒಂದೇ ಸಮನೆ ಗಿರಗಿರ ಸುತ್ತುತ್ತವೆ. ಅವು ನೆಟ್ಟಗೆ ನಿಂತಿಲ್ಲ, ಬಾಲದ ಕಡೆಗೆ ಕೊಂಚ ವಾಲಿವೆ. ಹಾಗಾಗಿ ಗುಳಿಯಲ್ಲಿರುವ ದ್ರವ ಬಲದಿಂದ ಎಡಕ್ಕೆ ಹರಿಯುತ್ತೆ. 1998ರಲ್ಲಿ ಜಪಾನಿನ ನೊಬುಟಾಕಾ ಹಿರೊಕಾವಾ ಅವರ ತಂಡ ಈ ಹರಿವನ್ನು ತೋರಿಸಿತು. 2002ರಲ್ಲಿ ಜಪಾನಿನದೇ ವಿಜ್ಞಾನಿಗಳು ಕೃತಕವಾಗಿ ದ್ರವವನ್ನು ಉಲ್ಟಾ ಹರಿಸಿ ನೋಡಿದರು. ಭ್ರೂಣದ ಎಡ-ಬಲವೂ ಉಲ್ಟಾ ಆಯಿತು!

ಹರಿವು ತಾಗಿದ ಎಡಗಡೆಯಲ್ಲಿ 'ನೋಡಲ್' ಎಂಬ ಜೀನ್ ಜೋರಾಗಿ ಎಚ್ಚರಗೊಳ್ಳುತ್ತೆ. ಅದರ ಸಂದೇಶ ಬಲಕ್ಕೆ ನುಗ್ಗದಂತೆ 'ಲೆಫ್ಟಿ' ಎಂಬ ಇನ್ನೊಂದು ಜೀನ್ ಹೊಲದ ಬದುವಿನ ಹಾಗೆ ತಡೆ ಹಾಕುತ್ತೆ. ಮುಂದೆ 'ಪಿಟ್ಎಕ್ಸ್2' ಎಂಬ ಜೀನ್ ಎಡಭಾಗದಲ್ಲಿ ಚಾಲೂ ಆಗಿ, ಗುಂಡಿಗೆ ಕರುಳುಗಳಿಗೆ ಯಾವ ಕಡೆ ಹೊರಳಬೇಕು ಅಂತ ಹೇಳುತ್ತೆ.

ಸಿಲಿಯಾ ಸುತ್ತದಿದ್ದರೆ? 1959ರಲ್ಲೇ ವರದಿಯಾದ ಒಂದು ಇಲಿ ತಳಿಯಲ್ಲಿ, ಎರಡೂ ಪ್ರತಿಯಲ್ಲಿ ಕೆಟ್ಟ ಜೀನ್ ಇದ್ದ ಮರಿಗಳಲ್ಲಿ ಸುಮಾರು ಅರ್ಧದಷ್ಟರ ಅಂಗಗಳು ತಲೆಕೆಳಗಲ್ಲ, ಪಕ್ಕಕೆಳಗು! ಗಮನಿಸಿ, ಎಲ್ಲವೂ ಬಲಕ್ಕೆ ಹೋಗಲಿಲ್ಲ, ಅರ್ಧ ಹೋದವು. ಅಂದರೆ ಆ ಜೀನ್ ಕೆಟ್ಟಾಗ ದೇಹ ನಾಣ್ಯ ಚಿಮ್ಮುತ್ತೆ. ಕೆಟ್ಟಿದ್ದು ಸಿಲಿಯಾವನ್ನು ಸುತ್ತಿಸುವ ಮೋಟಾರಿನ ಜೀನ್ ಅಂತ 1997ರಲ್ಲಿ ಗೊತ್ತಾಯಿತು.

ನಮ್ಮ ಆಸ್ಪತ್ರೆಗಳಿಗೆ ಇದರಿಂದ ಏನಾಗಬೇಕು?

ಸುಮಾರು 10,000 ಜನರಲ್ಲಿ ಒಬ್ಬರಿಗೆ ಅಂಗಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುತ್ತವೆ. ಪೂರ್ತಿ ಅದಲುಬದಲಾಗಿದ್ದರೆ ಅಷ್ಟರಿಂದಲೇ ತೊಂದರೆ ಇಲ್ಲ. ಎಷ್ಟೋ ಜನ ಎಕ್ಸ್‌ರೇ ತೆಗೆಸುವ ತನಕ ಗೊತ್ತೇ ಇಲ್ಲದೆ ಬದುಕುತ್ತಾರೆ. ಅರ್ಧಂಬರ್ಧ ಕಲಸಿದ್ದರೆ ಮಾತ್ರ ಗಂಭೀರ ಹೃದಯದೋಷ ಬರಬಹುದು.

ಇನ್ನೊಂದು ಸ್ಥಿತಿ ಇದೆ. 1933ರಲ್ಲಿ ಕಾರ್ಟಗೆನರ್ ಎಂಬ ವೈದ್ಯ ಒಂದು ಜೋಡಣೆ ಗುರುತಿಸಿದರು: ಬಲಕ್ಕಿರುವ ಹೃದಯ, ಬಿಡದ ಕಫ, ಸೈನಸ್ ತೊಂದರೆ. ಸಂಬಂಧ ಏನು ಅಂತ ತಿಳಿದಿದ್ದು 1976ರಲ್ಲಿ, ಸ್ವೀಡನ್ನಿನ ಬ್ಯೋರ್ನ್ ಆಫ್‌ಜೀಲಿಯಸ್ ಅವರಿಂದ. ಶ್ವಾಸನಾಳದ ಕಫವನ್ನು ಹೊರಗೆ ತಳ್ಳುವುದೂ ಸಿಲಿಯಾಗಳೇ. ಅವು ಕೆಟ್ಟರೆ ಹುಟ್ಟಿದ ದಿನದಿಂದ ಕಫ. ಇಂಥವರಲ್ಲಿ ಸುಮಾರು ಅರ್ಧ ಜನರಿಗೆ ಅಂಗಗಳು ಅದಲುಬದಲು. ಮತ್ತದೇ ನಾಣ್ಯ!

ಈ ಕಾಯಿಲೆ ಹೆಚ್ಚಾಗಿ ಬರೋದು ಅಪ್ಪ-ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಸಿಕ್ಕಾಗ. ಸೋದರಮಾವ, ಅತ್ತೆಮಗನ ಜೊತೆ ಮದುವೆ ಮಾಡುವ ರೂಢಿ ಇರುವ ನಮ್ಮಂಥ ಕಡೆ ಆ ಸಾಧ್ಯತೆ ಹೆಚ್ಚು. ಆದರೆ ಮಗು ವರ್ಷಗಟ್ಟಲೆ ಕೆಮ್ಮಿದರೆ ನಮ್ಮಲ್ಲಿ ಟಿಬಿ ಅಂತಾರೆ, ದಮ್ಮು ಅಂತಾರೆ. ಹೃದಯ ಬಲಕ್ಕಿದೆ ಅಂತ ಗೊತ್ತಾದರೆ ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಳು ಅಂತ ಹೆಣ್ಣಿನ ಮೇಲೆ ಹಾಕ್ತಾರೆ. ಇದು ಯಾವ ತಾಯಿಯ ತಪ್ಪೂ ಅಲ್ಲ. ಹುಟ್ಟಿನಿಂದ ಬಿಡದ ಕೆಮ್ಮು, ಬಲಕ್ಕಿರುವ ಹೃದಯ ಎರಡೂ ಕಂಡರೆ ಸಿಲಿಯಾ ಪರೀಕ್ಷೆಗೆ ಕಳಿಸಬೇಕು ಎಂಬ ತಿಳಿವಳಿಕೆ, ಕುಟುಂಬಕ್ಕೆ ಆನುವಂಶಿಕ ಸಲಹೆ, ಇವು ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಸೊತ್ತಾಗಿ ಉಳಿಯಬಾರದು. ತಾಲೂಕು ಮಟ್ಟಕ್ಕೆ ಬರಬೇಕು.

ಬಸವನಹುಳು ಹೇಳುವ ಕತೆ

ನಮ್ಮ ಕೆರೆ-ಗದ್ದೆಗಳಲ್ಲಿ ಸಿಗುವ ದಪ್ಪ ಬಸವನಹುಳು ಪೈಲಾದ ಚಿಪ್ಪು ಬಲಕ್ಕೆ ಸುತ್ತಿದೆ. ಅಲ್ಲೇ ಇನ್ನೊಂದು ಸಣ್ಣದು ಸಿಗುತ್ತೆ, ಚಪ್ಪಟೆ ಬಿಲ್ಲೆಯಂಥದ್ದು. ಹೆಸರು ಇಂಡೋಪ್ಲಾನಾರ್ಬಿಸ್. ದನಗಳ ಗೊರಕೆ ರೋಗದ ಹುಳು ಬೆಳೆಯುವುದು ಇದರೊಳಗೇ. ಇದು ಎಡಮುರಿ. ಜಗತ್ತಿನ ಬಸವನಹುಳುಗಳಲ್ಲಿ ಬಲಮುರಿಯೇ ಬಹುಸಂಖ್ಯಾತ, ಆದರೂ ಇಡೀ ಕುಟುಂಬವೇ ಎಡಮುರಿಯಾಗಿರುವುದೂ ಉಂಟು.

ಇಲ್ಲಿ ಆನುವಂಶಿಕತೆಯ ಲೆಕ್ಕ ವಿಚಿತ್ರ. ಮರಿಯ ಸುರುಳಿ ಯಾವ ಕಡೆ ಎಂಬುದನ್ನು ಮರಿಯ ಜೀನ್ ಅಲ್ಲ, ತಾಯಿಯ ಜೀನ್ ತೀರ್ಮಾನಿಸುತ್ತೆ. ಲಿಮ್ನಿಯಾ ಎಂಬ ಕೊಳದ ಹುಳುವಿನ ಲೆಕ್ಕ ನೋಡಿ 1923ರಲ್ಲಿ ಸ್ಟರ್ಟೆವಂಟ್ ಇದನ್ನು ವಿವರಿಸಿದರು. ತಾಯಿ ಮೊಟ್ಟೆಯೊಳಗೆ ಇಟ್ಟ ಒಂದು ಪ್ರೋಟೀನ್, ಮೊದಲ ಕೆಲವು ವಿಭಜನೆಗಳಲ್ಲೇ ಜೀವಕೋಶಗಳನ್ನು ತಿರುಚುತ್ತೆ. ಆ ಜೀನ್ ಸಿಕ್ಕಿದ್ದು 2016ರಲ್ಲಿ. ಬಸವನಹುಳುವಿನಲ್ಲೂ ನೋಡಲ್ ಇದೆ: ಬಲಮುರಿಯಲ್ಲಿ ಬಲಕ್ಕೆ, ಎಡಮುರಿಯಲ್ಲಿ ಎಡಕ್ಕೆ. ಅಂದರೆ ನಮಗೂ ಅದಕ್ಕೂ ಸಾಮಾನ್ಯವಾದ ಪುರಾತನ ಪೂರ್ವಜನಲ್ಲೇ ಈ ಸಲಕರಣೆ ಇದ್ದಿರಬೇಕು.

ಎಲ್ಲವೂ ಜೀನ್‌ನಲ್ಲಿ ಬರೆದಿರೋದೂ ಇಲ್ಲ. ಕರಾವಳಿಯ ನಂಗು ಮೀನಿನ ಎರಡೂ ಕಣ್ಣು ಎಡಗಡೆಗೇ ಇರುತ್ತವೆ, ಅದು ತಳಿಯ ನಿಯಮ. ಆದರೆ ಅಳಿವೆಯ ಕೆಸರಲ್ಲಿ ಒಂದು ಕೊಂಡಿ ದೊಡ್ಡದು ಮಾಡಿಕೊಂಡು ಓಡಾಡುವ ಗಂಡು ಏಡಿಗಳಲ್ಲಿ, ಬಹುಪಾಲು ಜಾತಿಗಳಲ್ಲಿ ಅರ್ಧಕ್ಕೆ ಬಲ, ಅರ್ಧಕ್ಕೆ ಎಡ. ಇಂಥ ಕಡೆ ಪಕ್ಕ ಯಾವುದು ಎಂಬುದು ಸಾಮಾನ್ಯವಾಗಿ ಮಕ್ಕಳಿಗೆ ಬರೋದಿಲ್ಲ, ಆಕಸ್ಮಿಕ.

ಹೆಸರಿಟ್ಟವರು ಯಾರು?

ಈಗ ಬಲಮುರಿ ಶಂಖಕ್ಕೆ ಬನ್ನಿ. ಸಾವಿರಾರು ಶಂಖಗಳಲ್ಲಿ ಒಂದು ಸಿಕ್ಕರೆ ಹೆಚ್ಚು, ಅದಕ್ಕೇ ಲಕ್ಷಾಂತರ ರೂಪಾಯಿ ಹೇಳ್ತಾರೆ. ಪ್ರಾಣಿಶಾಸ್ತ್ರದಲ್ಲಿ ಅದೇ ಶಂಖದ ಹೆಸರು ಎಡಮುರಿ! ವಿಜ್ಞಾನಿ ಚೂಪು ತುದಿಯನ್ನು ಮೇಲೆ ಹಿಡೀತಾನೆ, ಪೂಜಾರಿ ಕೆಳಗೆ ಹಿಡೀತಾನೆ. ಶಂಖ ಒಂದೇ, ಎಡ-ಬಲ ಹಿಡಿದವನದ್ದು.

ಕೈಯ ಮಾತೂ ಅಷ್ಟೇ. ಜಗತ್ತಿನಲ್ಲಿ ಹತ್ತರಲ್ಲಿ ಒಬ್ಬರು ಎಡಚರು. ಅದರ ಹಿಂದೆ ಹತ್ತಾರು ಜೀನ್‌ಗಳ ಸಣ್ಣಸಣ್ಣ ಪಾಲಿದೆ. ಗುಂಡಿಗೆ ಬಲಕ್ಕಿದ್ದವರಲ್ಲೂ ಬಲಗೈಯವರೇ ಹೆಚ್ಚು, ಹಾಗಾಗಿ ಎರಡರ ದಾರಿ ಬೇರೆ. ಇಷ್ಟಾದರೂ ಎಡಗೈಯಲ್ಲಿ ಉಣ್ಣುವ ಮಗುವಿನ ಕೈಗೆ ನಮ್ಮ ಮನೆಗಳಲ್ಲಿ ಇನ್ನೂ ಏಟು ಬೀಳುತ್ತೆ. ಜೀವ ಹಿಡಿದಿರುವ ಗುಂಡಿಗೆ ಎಡಕ್ಕಿದೆ, ಎಡಗೈ ಮಾತ್ರ ಮೈಲಿಗೆ!

ಈ ನಾಡಿನಲ್ಲಿ ಜನರನ್ನೇ ಎಡಗೈ, ಬಲಗೈ ಅಂತ ಪಣಗಳಾಗಿ ವಿಂಗಡಿಸಿದ್ದರು. ಆ ಹೆಸರು ದಲಿತರ ನಡುವೆ ಇವತ್ತಿಗೂ ಉಳಿದಿದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ಒಪ್ಪಿತು, 2025ರ ಆಗಸ್ಟ್‌ನಲ್ಲಿ ರಾಜ್ಯ ಸಂಪುಟ ಎಡಗೈ ಸಂಬಂಧಿತರಿಗೆ ಶೇ. 6, ಬಲಗೈ ಸಂಬಂಧಿತರಿಗೆ ಶೇ. 6, ಉಳಿದವರಿಗೆ ಶೇ. 5 ಅಂತ ತೀರ್ಮಾನಿಸಿತು. ಈ ಎಡ-ಬಲ ಯಾವ ಭ್ರೂಣದಲ್ಲೂ ಇಲ್ಲ, ಯಾವ ಜೀನ್‌ನಲ್ಲೂ ಇಲ್ಲ. ಹಾಗಂತ 'ಎಲ್ಲ ಒಂದೇ ಅಲ್ವಾ, ಲೆಕ್ಕ ಯಾಕೆ' ಅನ್ನೋ ಹಾಗೂ ಇಲ್ಲ. ಮನುಷ್ಯರು ಮಾಡಿದ ಎಡ-ಬಲದಲ್ಲಿ ಯಾರಿಗೆಷ್ಟು ಭೂಮಿ, ಯಾರಿಗೆಷ್ಟು ನೌಕರಿ ಸಿಕ್ಕಿತು ಅನ್ನೋದನ್ನು ಮನುಷ್ಯರೇ ಎಣಿಸಿ ಸರಿ ಮಾಡಬೇಕು. 'ಹುಟ್ಟಿನಿಂದಲೇ ಹಾಗೆ' ಅಂತ ಯಾರಾದರೂ ಜೀವಶಾಸ್ತ್ರ ತೋರಿಸಿದರೆ ಒಂದೇ ಪ್ರಶ್ನೆ ಕೇಳಿ: ಶಂಖ ಹಿಡಿದಿರೋದು ಯಾರ ಕೈಯಲ್ಲಿ?